ಸತ್ತ ಹೊಂಗೆಗೆ ಕಾವಲು

ಬೆಂಗಳೂರಿನ ಆರ್‌ಪಿಸಿ ಲೇಔಟಿನ ಜಗದಾಂಬಾ ಸೇಡನ್ನು ಉಪ್ಪಿನಕಾಯಿ ಹಾಕಿದ ಹಾಗೆ ಇಡುವವಳು. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಮೂಲೆಗೆ ಸರಿಸಿಬಿಟ್ಟರೆ ಹದ ಬರುವ ತನಕ ಮುಟ್ಟುವುದಿಲ್ಲ. ಮದುವೆಯಾದ ಹೊಸದರಲ್ಲಿ ಮೈದುನ ಅವಳ ರೊಟ್ಟಿಯನ್ನು ಚಪ್ಪಲಿ ಅಟ್ಟೆ ಎಂದಿದ್ದ. ಆಗ ನಕ್ಕು ಸುಮ್ಮನಾದಳು. ಮುಂದೆ ಅವನ ಮಗಳ ಮದುವೆಯಲ್ಲಿ ನೆಂಟರಿಗೆಲ್ಲ ತಾನೇ ರೊಟ್ಟಿ ಬಡಿದಳು. ಎಲ್ಲರೂ ಹೊಗಳಿ ತಿನ್ನುವಾಗ ಅವನ ಎಲೆಗೆ ಮಾತ್ರ ಅನ್ನ ಬಡಿಸಿ, "ನಿನ್ನ ಹಲ್ಲಿಗ್ಯಾಕಪ್ಪ ತೊಂದರೆ" ಅಂದಳು.

ಈಗ ಆ ರೊಟ್ಟಿಯಿಂದಲೇ ಅವಳ ಹೆಸರು. ಗಂಡ ಶಂಭುಲಿಂಗಪ್ಪನ ನೌಕರಿಯ ಹಿಂದೆ ದಾವಣಗೆರೆ ಕಡೆಯಿಂದ ಬಂದವಳು, ಮನೆಯ ಮುಂದಿನ ಕೋಣೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾರುತ್ತಾಳೆ. ಕೊಳ್ಳಲು ಬಂದವರು ನಿಲ್ಲುತ್ತಿದ್ದುದು ಫುಟ್‌ಪಾತಿನ ಹೊಂಗೆ ಮರದ ಕೆಳಗೆ. ಪಕ್ಕದ ಸೈಟು ಖಾಲಿ ಇದ್ದ ಕಾಲದಲ್ಲಿ ಅದರ ಮುಂದೆ ಅತ್ತೆ ನೆಟ್ಟ ಮರ ಅದು. ಅತ್ತೆಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಮುದುಕಿ ಹೋದ ಮೇಲೆ ಜಗಳಕ್ಕೆ ಮರವೇ ಗತಿಯಾಯಿತು. "ಸತ್ತ ಮೇಲೂ ನನ್ನ ಕೈಲೇ ಕಸ ಹೊಡಿಸ್ತೀರಲ್ಲ" ಎಂದು ಬೆಳಗಾದರೆ ಎಲೆ ಗುಡಿಸುತ್ತ ಗೊಣಗುವಳು. ಹಾಗೆ ಗೊಣಗದ ದಿನ ಅವಳಿಗೆ ದಿನವೇ ಅಲ್ಲ.

ಪಕ್ಕದ ಹಳೆಯ ಮನೆಯನ್ನು ಕೊಂಡು ಕೆಡವಿ, ನಾಲ್ಕಂತಸ್ತು ಎಬ್ಬಿಸಲು ಬಂದವನು ವೆಂಕಟಗಿರಿ. ಪಾಯ ತೋಡುವ ಮೊದಲೇ ಜಗದಾಂಬಾ ಎದುರು ನಿಂತಳು. ಮನುಷ್ಯ ಕೈ ಮುಗಿದ.

"ಆಂಟಿ, ನಮ್ಮಮ್ಮನಾಣೆ, ಮರಕ್ಕೆ ಒಂದು ಗೀರೂ ಬೀಳಲ್ಲ. ನೋಡ್ತಾ ಇರಿ."

ಮಾರನೆಯ ದಿನವೇ ಬುಡದಿಂದ ಆಳೆತ್ತರದವರೆಗೆ ಗೋಣಿಚೀಲ ಸುತ್ತಿಸಿ, ಮೇಲೆ ಹಲಗೆ ಕಟ್ಟಿಸಿದ. ಲಾರಿ ತಾಗಬಾರದಲ್ಲ! ಜಗದಾಂಬಾ ಕರಗಿ ನೀರಾದಳು. ಇಂಥ ಬಿಲ್ಡರು ಬೆಂಗಳೂರಲ್ಲಿ ಎಲ್ಲಿದ್ದಾರೆ ಎಂದು ಬೀದಿಗೆಲ್ಲ ಹೇಳಿದಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಾನೇ ಒಯ್ದು ಬಡಿಸಿದಳು. ಅವನು ಬೆರಳು ಚೀಪಿಕೊಂಡು ತಿಂದ.

ಕಟ್ಟಡ ಮೇಲೆ ಬಂದ ಹಾಗೆ ಮರ ಹಳದಿಗೆ ತಿರುಗಿತು. "ಬಿಸಿಲು ಆಂಟಿ, ಈ ವರ್ಷ ಜಾಸ್ತಿ" ಅಂದ ವೆಂಕಟಗಿರಿ. ಬಣ್ಣ ಹೊಡೆಯುವ ಹೊತ್ತಿಗೆ ಮರದಲ್ಲಿ ಎಲೆಯೇ ಉಳಿಯಲಿಲ್ಲ. ಒಂದು ಬೆಳಗ್ಗೆ ಪೊರಕೆ ಹಿಡಿದು ಬಂದವಳಿಗೆ ಗುಡಿಸಲು ಏನೂ ಇರಲಿಲ್ಲ. ಗಾಳಿಗೆ ಒಂದು ಹಲಗೆ ಸಡಿಲಾಗಿತ್ತು. ಗೋಣಿ ಸರಿಸಿದಳು. ಕಾಂಡದ ಸುತ್ತ ಡ್ರಿಲ್ ಹೊಡೆದ ತೂತುಗಳು. ಮೇಲೆ ಮಣ್ಣು ಮೆತ್ತಿದ್ದರು. ಹೇರ್‌ಪಿನ್ನಿನಿಂದ ಕೆದಕಿದರೆ ಬಚ್ಚಲು ತೊಳೆಯುವ ಆಸಿಡ್ಡಿನ ವಾಸನೆ. ಗೋಣಿಯ ಮರೆಯಲ್ಲಿ ಬುಡಕ್ಕೆ ಉಸಿರಾಡದ ಹಾಗೆ ಕಾಂಕ್ರೀಟು ಬೇರೆ.

ಅವನ ಲೆಕ್ಕ ಆಗ ಅರ್ಥವಾಯಿತು. ಹೊಸ ಕಟ್ಟಡದ ಬಾಗಿಲಿಗೆ ಎದುರಾಗಿ ಮರ ಇರಬಾರದು, ವಾಸ್ತು ದೋಷ. ಹಸಿ ಮರ ಕಡಿಯಲು ಬಿಡುವುದಿಲ್ಲ, ಒಣಗಿದರೆ ಯಾರೂ ಕೇಳುವುದಿಲ್ಲ. ಕಾಪಾಡಲೆಂದು ಕಟ್ಟಿದ ಗೋಣಿಯ ಮರೆಯಲ್ಲೇ ಕೊಂದಿದ್ದ. ಮರ ಸತ್ತ ಸಂಕಟ ಒಂದು ಕಡೆ, ಈ ಕೈಯಾರೆ ಅವನಿಗೆ ಎಣ್ಣೆಗಾಯಿ ಬಡಿಸಿದೆನಲ್ಲ ಎಂಬ ಅವಮಾನ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಕೇಳಿದ್ದರೆ ಅವಳೂ ಹೇಳುತ್ತಿರಲಿಲ್ಲ.

ಬೀದಿ ಅವಳ ಬಾಯಿಗಾಗಿ ಕಾಯಿತು. ಅವಳು ಬಾಯಿ ಬಿಡಲಿಲ್ಲ. ಗಂಡನ ಫೋನಿನಲ್ಲಿ ಫೋಟೋ ತೆಗೆದು, ಗೋಣಿಯನ್ನು ಮೊದಲಿನಂತೆ ಕಟ್ಟಿ, ಸೀರೆ ಬದಲಿಸಿ ಪಾಲಿಕೆಯ ಅರಣ್ಯ ವಿಭಾಗಕ್ಕೆ ದೂರು ಕೊಡಲು ಹೋದಳು.

ತನಿಖೆಗೆ ಬಂದ ಅಧಿಕಾರಿ ತೂತುಗಳನ್ನು ನೋಡಿ ತಲೆಯಾಡಿಸಿದ. "ಈ ಮರ ಈಗ ಸಾಕ್ಷಿ ಅಮ್ಮ. ಕೇಸು ಮುಗಿಯೋವರೆಗೂ ಯಾರೂ ಒಂದು ಕೊಂಬೆನೂ ಮುಟ್ಟೋ ಹಾಗಿಲ್ಲ."

"ಕೇಸು ಯಾವಾಗ ಮುಗಿಯುತ್ತೆ ಸಾರ್?"

ಅಧಿಕಾರಿ ನಕ್ಕುಬಿಟ್ಟ. ಮರ ಒಣಗಿದ ಮೇಲೆ ಮೊದಲ ಸಲ ಜಗದಾಂಬಾಳ ಮುಖವೂ ಅರಳಿತು.

ಮನೆಗಳು ಮಾರಾಟಕ್ಕೆ ತಯಾರಾದವು. ಕೊಳ್ಳುವವರು ಹೆತ್ತವರನ್ನು, ವಾಸ್ತುವಿನವರನ್ನು ಕಟ್ಟಿಕೊಂಡು ಬಂದು ಕಾರಿಳಿದರೆ, ಬಾಗಿಲಿಗೆ ನೆಟ್ಟಗೆ ಎದುರು ಬೋಳು ಮರ, ಅದರ ಮೇಲೆ ಹದ್ದು. ಹಸಿ ಮರ ಬೇಡವೆಂದವನಿಗೆ ಒಣ ಮರ ಗಂಟುಬಿದ್ದಿತ್ತು. ಜಗದಾಂಬಾ ಬಂದವರಿಗೆಲ್ಲ ಮರ್ಯಾದೆಯಿಂದ ನೀರು ಕೊಟ್ಟಳು. ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು ಕೇಳಿದರು, "ಯವ್ವಾ, ಈ ಗಿಡಾ ಯಾಕ ಹಿಂಗ ಒಣಗೇತಿ?"

"ಚೆನ್ನಾಗೇ ಇತ್ತು ಅಜ್ಜಿ. ಈ ಕಟ್ಟಡ ಏಳ್ತಿದ್ದ ಹಾಗೇ ಒಣಗ್ತು ನೋಡಿ."

ಒಂದಕ್ಷರ ಸುಳ್ಳಿಲ್ಲ. ಅಜ್ಜಿ ಚಪ್ಪಲಿ ಮೆಟ್ಟಿ ಕಾರು ಹತ್ತಿದವರು ಇಳಿಯಲೇ ಇಲ್ಲ.

"ಸಾಕು ಬಿಡೇ, ಪಾಪ ಅವನ ಮುಖ ನೋಡೋಕಾಗ್ತಿಲ್ಲ" ಅಂದ ಶಂಭುಲಿಂಗಪ್ಪ.

"ನೋಡಬೇಡಿ. ನಾನು ನೋಡ್ತೀನಿ."

ಮಳೆ ಶುರುವಾದಾಗ ವೆಂಕಟಗಿರಿ ಹಣ್ಣಿನ ತಟ್ಟೆ ಹಿಡಿದು ಬಂದ. ಗಡ್ಡ ಬಿಟ್ಟಿದ್ದ.

"ತಪ್ಪಾಯ್ತು ಆಂಟಿ. ಒಂದು ಮನೆನೂ ಹೋಗಿಲ್ಲ. ಕಂಪ್ಲೇಂಟ್ ವಾಪಸ್ ತಗೊಳ್ಳಿ. ನೀವು ಹೇಳಿದ್ದು ಮಾಡ್ತೀನಿ."

ಜಗದಾಂಬಾ ಅವನನ್ನು ಮರದ ಬುಡಕ್ಕೆ ಕರೆದೊಯ್ದಳು. ಕಾಂಕ್ರೀಟಿನ ಬಿರುಕಿನಿಂದ ಕಿರುಬೆರಳಿನಷ್ಟು ಚಿಗುರು ಹೊರಗೆ ಇಣುಕಿತ್ತು. ಅವಳು ಅದನ್ನು ಆಗಲೇ ಕಂಡು, ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತಿದ್ದಳು. ಅದನ್ನು ಇವನಿಗೆ ಹೇಳುವ ಅಗತ್ಯವಿರಲಿಲ್ಲ.

"ಈ ಕಾಂಕ್ರೀಟು ಒಡಿ. ಆಳುಗಳಲ್ಲ, ನೀನೇ."

ಬೀದಿಯೆಲ್ಲ ನೋಡುತ್ತಿರುವಾಗ ವೆಂಕಟಗಿರಿ ಇಸ್ತ್ರಿ ಅಂಗಿಯಲ್ಲೇ ಕೂತು, ಬೇರಿಗೆ ಪೆಟ್ಟಾಗದ ಹಾಗೆ ಸುತ್ತಿಗೆ, ಉಳಿಯಲ್ಲಿ ಒಡೆದ. ಕೈಯಲ್ಲಿ ಬೊಬ್ಬೆ ಎದ್ದವು. ಮಣ್ಣು ಕಂಡ ಮೇಲೆ ಗೊಬ್ಬರ ತಂದು ಹಾಕಿದ, ಸುತ್ತ ಬೇಲಿ ಕಟ್ಟಿದ, ಬಕೆಟ್ಟು ಹೊತ್ತು ನೀರು ಹುಯ್ದ. ಅಂದಿನಿಂದ ದಿನಾ ಬಂದು ಹುಯ್ಯುತ್ತಾನೆ. ಅವನ ತಲೆಯ ಮೇಲೆ ಒಣ ಕಾಂಡ ಹಾಗೇ ನಿಂತಿದೆ.

ಆ ಮೊದಲ ದಿನ ಬಕೆಟ್ಟು ಇಳಿಸಿ ಕೇಳಿದ, "ಆಂಟಿ, ಕಂಪ್ಲೇಂಟು?"

"ಹೂ ಬಿಡ್ಲಿ. ಆಮೇಲೆ ನೋಡೋಣ."

ಖುಷಿಯಿಂದ ಹೋದ. ಒಳಗೆ ಪೇಪರು ಓದುತ್ತಿದ್ದ ಶಂಭುಲಿಂಗಪ್ಪ ಕನ್ನಡಕ ಇಳಿಸಿ ಪಿಸುಗುಟ್ಟಿದ, "ಲೇ, ಈ ಚಿಗುರು ಮರವಾಗಿ ಹೂ ಬಿಡೋಕೆ ವರ್ಷಗಟ್ಟಲೆ ಬೇಕಲ್ಲೇ?"

ಜಗದಾಂಬಾ ಹಿಟ್ಟಿಗೆ ಬಿಸಿನೀರು ಸುರಿದು ನಾದತೊಡಗಿದಳು.

"ಬೇಕು" ಅಂದಳು. "ನಿಮ್ಮಮ್ಮನೂ ಅಷ್ಟು ವರ್ಷ ಕಾದಿದ್ರು."