ಪೇಪರಿನಲ್ಲೊಂದು ಕಿಟಕಿ

ಇವತ್ತು ಹೆಂಡತಿ ಪೇಪರ್ ಎತ್ತಿ ಹಿಡಿದಾಗ ಅದರಲ್ಲಿದ್ದ ತೂತಿನಿಂದ ಅವಳ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ನನಗೆ ನಾಗಪುರದ ಲಕ್ಷ್ಮೀ ನಗರದ ಮನೆ ನೆನಪಾಯಿತು.

ಹಳ್ಳಿಯಿಂದ ನಾನೂ ಅಜ್ಜಿಯೂ ಅಲ್ಲಿಗೆ ಬಂದ ಹೊಸತು. ಅಪ್ಪ ಸಂಜೆ ಆಫೀಸಿನಿಂದ ಬಂದು ಮರಾಠಿ ಪೇಪರ್ ಬಿಡಿಸಿದರೆ ದಿನಾ ಒಂದು ಫೋಟೊ ಮಾಯವಾಗಿರುತ್ತಿತ್ತು. ಅಪ್ಪನ ಗುಮಾನಿ ನನ್ನ ಮೇಲೆ, ನನ್ನದು ಅವ್ವನ ಮೇಲೆ.

ಒಂದು ಮಧ್ಯಾಹ್ನ ಬಾಗಿಲ ಹಿಂದೆ ಅಡಗಿ ಕಾದೆ. ಕತ್ತರಿ ಹಿಡಿದು ಕೂತವಳು ಮರಾಠಿಯ ಒಂದಕ್ಷರವೂ ಬಾರದ ಅಜ್ಜಿ! ಸಿಕ್ಕಿಬಿದ್ದರೂ ಅಂಜದೆ, ಹಾರ ಹಾಕಿಸಿಕೊಂಡ ಒಬ್ಬನ ಫೋಟೊ ನನ್ನ ಕೈಗಿಟ್ಟಳು.

“ಈ ಹಾರದಾವನ ಮಾರಿ ಬರೋಬರ್ ನೋಡು. ಬಾಯಿ ನಗತೈತಿ, ಕಣ್ಣಾಗ ನಗೀನ ಇಲ್ಲ. ಏನ್ ಮುಚ್ಚಿಟ್ಟಾನ ಹೇಳು?”

ಚಹಾದ ಹೊತ್ತಿಗೆ ನಮ್ಮಿಬ್ಬರ ಕತೆಯಲ್ಲಿ ಅವನು ಸ್ವಂತ ತಮ್ಮನ ಎತ್ತು ಕದ್ದಿದ್ದ.

“ಯಾರು ಕತ್ತರಿಸ್ತೀರಿ ಹೇಳ್ರಿ, ಇಲ್ಲಾಂದ್ರ ನಾಳಿಂದ ಪೇಪರ್ ಬಂದ್!” ಎಂದರು ಅಪ್ಪ ಅವತ್ತು. ಅಜ್ಜಿ ಜಪಮಾಲೆ ಹಿಡಿದು ಕಣ್ಣು ಮುಚ್ಚಿದ್ದಳು. ಪೇಪರ್ ನಿಂತರೆ ಕತೆಯೂ ನಿಂತೀತು.

“ನಾನಪ್ಪಾ. ಸಾಲಿಗೆ ಬೇಕಾಗಿತ್ತು, ಮಾಸ್ತರ್ ಹೇಳಿದ್ರು” ಎಂದೆ.

ಅಜ್ಜಿಯ ಒಂದು ಕಣ್ಣು ತೆರೆದು ಮುಚ್ಚಿತು.

ಹೆಂಡತಿ ಇನ್ನೂ ನೋಡುತ್ತಲೇ ಇದ್ದಾಳೆ. ನಾನು ಬರೆಯಬೇಕಾದ ಮುಂದಿನ ಕತೆಯ ಮನುಷ್ಯ ನನ್ನ ಜೇಬಿನಲ್ಲಿದ್ದಾನೆ. ಸಾಲಿಗೆ ಬೇಕಿತ್ತು ಎನ್ನುವ ವಯಸ್ಸು ಮಾತ್ರ ನನ್ನದಲ್ಲ.