ಪಿಳ್ಳಮ್ಮನ ಮನೆ ಉಪ್ಪು

ಹುರುಳಿಕಾಳು ನಿಧಾನವಾಗಿ ಬೇಯುವಾಗ ಬರುವ ವಾಸನೆಯೇ ಬೇರೆ. ಪ್ರೆಶರ್ ಕುಕ್ಕರಿನಲ್ಲಿ ವಿಷಲ್ ಕೂಗಿಸಿ ಇಳಿಸಿದರೆ ಅದು ಬರುವುದಿಲ್ಲ. ಮೊದಲು ಹಸಿ ಮಣ್ಣಿನಂಥ ಘಮ, ಆಮೇಲೆ ಬೆಳ್ಳುಳ್ಳಿ ಕರಗಿದ ಸಿಹಿ, ಕೊನೆಗೆ ಎರಡೂ ಸೇರಿ ಕಿಟಕಿಯ ಪರದೆಗೂ ಹತ್ತಿಕೊಳ್ಳುವ ಒಂದು ಬಿಸಿ ವಾಸನೆ. ಹೆಬ್ಬಾಳದ ಈ ಫ್ಲಾಟಿಗೆ ಮಗಳು ಸ್ಲೋ ಕುಕ್ಕರ್ ತಂದುಕೊಟ್ಟ ದಿನ, ಈ ವಯಸ್ಸಿನಲ್ಲಿ ನನಗ್ಯಾಕೆ ಈ ಶೋಕಿ ಎಂದು ಗೊಣಗಿದ್ದೆ. ಈಗ ಅದಿಲ್ಲದೆ ನಡೆಯುವುದಿಲ್ಲ. ರಾತ್ರಿ ನೆನೆಸಿದ ಕಾಳು, ಈರುಳ್ಳಿ, ಬೆಳ್ಳುಳ್ಳಿ, ನೀರು ಹಾಕಿ ಬೆಳಗ್ಗೆ ಮುಚ್ಚಿಟ್ಟರೆ ಸಂಜೆಯವರೆಗೆ ಅದರ ಪಾಡಿಗೆ ಅದು. ಉಪ್ಪು ಮಾತ್ರ ಹಾಕುವುದಿಲ್ಲ; ಉಪ್ಪು, ಹುಳಿ, ಖಾರ ಎಲ್ಲ ಬಡಿಸಿದ ಮೇಲೆ, ಅವರವರ ನಾಲಿಗೆಗೆ ತಕ್ಕಂತೆ. ಅಮ್ಮನಿಗೆ ಮರೆವು ಶುರುವಾಯಿತು ಎಂದು ಮಗಳು ರೇಗಿಸುತ್ತಾಳೆ. ಮರೆವಲ್ಲ, ನಾನು ಬೆಳೆದದ್ದೇ ಹಾಗೆ.

ಯಶವಂತಪುರದಲ್ಲಿ, ಮರ ಕೊಯ್ಯುವ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ನಮ್ಮ ಮನೆ ಇತ್ತು. ಅಪ್ಪ ಅಮ್ಮ ಇಬ್ಬರೂ ಜಾಲಹಳ್ಳಿಯ ಕಾರ್ಖಾನೆಗೆ ಹೋಗುತ್ತಿದ್ದರು. ನಾನು, ಮದುವೆಯ ವಯಸ್ಸಿಗೆ ಬಂದಿದ್ದ ಅಪ್ಪನ ತಂಗಿ ಅಂದರೆ ನನ್ನ ಅತ್ತೆ, ಅಡುಗೆಮನೆ, ಎಲ್ಲವೂ ಅಜ್ಜಿಯ ಸುಪರ್ದಿನಲ್ಲಿ. ಹಿತ್ತಲಲ್ಲಿ ಒಂದು ಹೊಟ್ಟಿನ ಒಲೆ. ಹಳೆಯ ಎಣ್ಣೆ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತಲೂ ಮರದ ಹೊಟ್ಟನ್ನು ಗುದ್ದಿ ಗುದ್ದಿ ತುಂಬಿ, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಎಳೆದರೆ ನಡುವೆ ಒಂದು ಕೊಳವೆ ಉಳಿಯುತ್ತಿತ್ತು. ಬುಡದಲ್ಲಿ ಕಿಡಿ ಹಚ್ಚಿದರೆ ಸಾಕು, ಹೊಟ್ಟು ಒಳಗೊಳಗೇ ಕೆಂಪಗಾಗಿ ತೇಗ, ಹಲಸು, ಹೊನ್ನೆಯ ಹೊಗೆ ಬಿಡುತ್ತಾ ಸಂಜೆಯವರೆಗೂ ಕಾವು ಕೊಡುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದಿದ್ದರೆ ಗೊತ್ತಿರುತ್ತದೆ, ಅದನ್ನು ನಡುವೆ ಆರಿಸುವಂತಿಲ್ಲ. ನಮ್ಮ ಅಡುಗೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಮಿಕ್ಕ ಕಾವು ಪಿಳ್ಳಮ್ಮನದು.

ಪಿಳ್ಳಮ್ಮ ಪಕ್ಕದ ಒಂಟಿ ಕೋಣೆಯಲ್ಲಿದ್ದಳು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳನ್ನು ಬಾಗಲೂರಿಗೆ ಕೊಟ್ಟಿದ್ದಳು. ಮಿಲ್ಲಿನಲ್ಲಿ ಗುಡಿಸುವ ಕೆಲಸವಾದ್ದರಿಂದ ಹೊಟ್ಟಿನ ಚೀಲ ಅವಳೇ ತರುತ್ತಿದ್ದಳು. ನಮ್ಮ ಮಡಕೆ ಇಳಿದ ಮೇಲೆ ಅವಳ ಮಡಕೆಯನ್ನು ಅಜ್ಜಿ ಒಲೆಗೇರಿಸುತ್ತಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಪಿಳ್ಳಮ್ಮ ಓಡಿಬಂದು ಉಪ್ಪು ಹಾಕಿ ಹೋಗುವಳು. ಸಂಜೆ ಬಂದು ಇಳಿಸುವಳು. ಒಬ್ಬರ ಬೆಂಕಿಯಲ್ಲಿ ಬೇಯಿಸಿಕೊಂಡರೆ ಅವರಿಗೆ ಒಂದು ಸೌಟು ಕೊಡಬೇಕು ಎನ್ನುವುದು ನಮ್ಮ ಬೀದಿಯ ಪದ್ಧತಿ. ಅಜ್ಜಿಗೆ ಹುಳಿ ಮುಂದಿರಬೇಕು, ಪಿಳ್ಳಮ್ಮನಿಗೋ ಬೆಂಕಿಯಂಥ ಖಾರ. ಅದಕ್ಕೇ ಮೊದಲು ನಮ್ಮ ಪಾಲಿನ ಸೌಟು ತೆಗೆದು, ಅದಕ್ಕೊಂದಿಷ್ಟು ಹುಣಸೆಹಣ್ಣು ಕಿವುಚಿ, ಆಮೇಲೆ ತನ್ನ ಮಡಕೆಗೆ ಖಾರ ಸುರಿಯುವಳು. ಅಜ್ಜಿ ಅದನ್ನು ಮುದ್ದೆಗೆ ಹಚ್ಚಿಕೊಂಡು ಚಪ್ಪರಿಸುತ್ತಿದ್ದಳು.

ಹೀಗಿರುವಾಗ ಅತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಬಂತು. ಅವರು ತಡಮಾಡಿದರು. ಸಾರು ಆರದಿರಲಿ ಎಂದು ಅಜ್ಜಿ ನಮ್ಮ ಮಡಕೆಯನ್ನು ಒಲೆಯ ಮೇಲೆಯೇ ಬಿಟ್ಟಿದ್ದಳು. ಎರಡು ಮಡಕೆಗಳೂ ಒಂದೇ ಕುಂಬಾರನವು. ಬಿಡುವಿನಲ್ಲಿ ಓಡಿಬಂದ ಪಿಳ್ಳಮ್ಮ ಅದು ತನ್ನದೆಂದೇ ತಿಳಿದು, ದಿನದ ಅಭ್ಯಾಸದಂತೆ ಮುಚ್ಚಳ ಸರಿಸಿ, ಒಂದು ಹಿಡಿ ಕಲ್ಲುಪ್ಪು ಹಾಕಿ ಮಿಲ್ಲಿಗೆ ಹೋದಳು. ಬೀಗರಾಗುವವರು ಒಂದು ತುತ್ತು ನುಂಗಿ, ನೀರು ಕುಡಿದು, ಮತ್ತೆ ನೀರು ಕುಡಿದು ಎದ್ದರು. ಅಜ್ಜಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸಂಜೆ ಪಿಳ್ಳಮ್ಮ ಬಂದಾಗ ಬೀದಿಯವರೆಲ್ಲ ಕೇಳುವಂತೆ ಕೂಗಾಡಿ, ಒಲೆ ಮುಟ್ಟಿ ಆಣೆ ಇಟ್ಟಳು.

"ಇನ್ಮ್ಯಾಕೆ ನಿನ್ನ ಮನೆ ಉಪ್ಪು ನನ್ನ ನಾಲಿಗೆ ಮುಟ್ಟಿದ್ರೆ ಕೇಳು."

ಆ ಸಂಬಂಧವೇನೂ ಮುರಿಯಲಿಲ್ಲ, ವಾರ ಕಳೆದ ಮೇಲೆ ಒಪ್ಪಿಗೆ ಹೇಳಿಕಳಿಸಿದರು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ದಿನ ಪಿಳ್ಳಮ್ಮ ಹೊಟ್ಟು ತಂದಿಟ್ಟಳು. ಅಜ್ಜಿ ಮುಖ ಊದಿಸಿಕೊಂಡೇ, ಉರಿಯೋ ಒಲೆ ಸುಮ್ಮನೆ ಯಾಕೆ ಉರಿಯಬೇಕು ಎಂದು ಗೊಣಗುತ್ತಾ ಅವಳ ಮಡಕೆ ಏರಿಸಿದಳು. ಸಂಜೆ ಪದ್ಧತಿಯಂತೆ ಸೌಟು ಬಂತು. ಅಜ್ಜಿ ಅತ್ತ ತಿರುಗಿ ಕೂತಳು. ಪಿಳ್ಳಮ್ಮ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು, "ಉಪ್ಪು ಆಕಿಲ್ಲ ಕಣಕ್ಕ. ನಿಮ್ಮನೇದೇ ಆಕ್ಕೊ," ಎಂದು ಹೊರಟುಹೋದಳು.

ಅಜ್ಜಿ ಎದ್ದು ಬಟ್ಟಲನ್ನು ಒಳಗೆ ತಂದಳು. ಆಮೇಲೆ ನಮ್ಮ ಮರಿಗೆಯಿಂದ ಉಪ್ಪು ತೆಗೆದು ಹಾಕಿ ಕಲಸಿ ಉಂಡಳು. ಅಂದಿನಿಂದ ದಿನವೂ ಹಾಗೆಯೇ. ಸಿಟ್ಟು ನಾಲ್ಕೇ ದಿನಕ್ಕೆ ಇಳಿದು, ಇಬ್ಬರೂ ಮತ್ತೆ ಹಿತ್ತಲಲ್ಲಿ ಕೂತು ಅವರೆಕಾಯಿ ಬಿಡಿಸಿ ಊರವರನ್ನೆಲ್ಲ ಆಡಿಕೊಳ್ಳತೊಡಗಿದರು. ಆಣೆ ಮಾತ್ರ ಇಳಿಯಲಿಲ್ಲ. ಅತ್ತೆಯ ಮದುವೆಯಾಯಿತು, ನಾನು ಹೈಸ್ಕೂಲಿಗೆ ಬಂದೆ, ಪಿಳ್ಳಮ್ಮನ ಸಪ್ಪೆ ಸೌಟು ಬರುತ್ತಲೇ ಇತ್ತು. ಅಪ್ಪ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಒಂದು ದಿನ ಬೀದಿ ನಲ್ಲಿಯ ಹತ್ತಿರ ಪಿಳ್ಳಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಅಜ್ಜಿ ಯಾವತ್ತಾದರೂ ತನ್ನ ಉಪ್ಪು ತಿನ್ನುತ್ತಾಳಾ ಎಂದು ಕೇಳಿದ್ದಳು. ಉಪ್ಪಿನ ಋಣ ಇಲ್ಲದಿದ್ದರೆ ಮುಂದಿನ ಜನ್ಮದಲ್ಲಿ ಒಬ್ಬರಿಗೊಬ್ಬರು ಸಿಗುವುದಿಲ್ಲವಂತೆ. ಅವಳಿಗೆ ಅದೇ ಭಯ. ಬಂದು ಹೇಳಿದರೆ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಒಲೆ ಮುಟ್ಟಿ ಆಡಿದ ಮಾತು ಕಣೇ ಮಗಾ, ಏನ್ ಮಾಡ್ಲಿ ಅಂದಳು. ಆಣೆ ಮುರಿದರೆ ಮನೆಗೆ ಕೆಡುಕು ಎಂದು ನಂಬಿದ್ದ ಹೆಂಗಸು ಅವಳು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳು ಎಷ್ಟು ಹಂಬಲಿಸಿದಳೋ ನನಗೆ ಗೊತ್ತು.

ಆಮೇಲೆ ಗ್ಯಾಸ್ ಬಂತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಪಿಳ್ಳಮ್ಮನ ಕೋಣೆ ಇದ್ದ ಸಾಲನ್ನು ಮಾಲೀಕರು ಕೆಡವುತ್ತೇವೆಂದರು. ಅವಳು ಬಾಗಲೂರಿಗೆ, ಮಗಳ ಮನೆಗೆ ಹೊರಟಳು. ಅಳಿಯ ಟೆಂಪೊ ತಂದು ಸಾಮಾನು ತುಂಬಿಸಿದ. ಪಿಳ್ಳಮ್ಮನ ಕೈಯಲ್ಲಿ ಉಪ್ಪಿನ ಡಬ್ಬಿ ಒಂದೇ ಉಳಿದಿತ್ತು, ಹೋಗುವ ಮನೆಯೊಳಗೆ ಮೊದಲು ಉಪ್ಪು ಹೋಗಬೇಕಲ್ಲ. ಅಜ್ಜಿ ಬೆಳಗಿನಿಂದ ಒಳಗೇ ಕೂತಿದ್ದವಳು ಎದ್ದು, ಮಂಡಿ ಹಿಡಿದುಕೊಂಡು, ನನ್ನ ಹೆಗಲ ಮೇಲೆ ಭಾರ ಬಿಟ್ಟು ಬೀದಿಗೆ ಬಂದಳು. ಪಿಳ್ಳಮ್ಮನ ಎದುರು ನಿಂತು ಅಂಗೈ ಚಾಚಿದಳು.

ಪಿಳ್ಳಮ್ಮ ಡಬ್ಬಿ ತೆರೆದಳು, ಮತ್ತೆ ಕೈ ತಡೆದಳು. "ಕೈಗೆ ಉಪ್ಪು ಕೊಟ್ರೆ ಜಗಳ ಆಯ್ತದೆ ಕಣಕ್ಕ."

"ಆಗ್ಲಿ," ಅಂದಳು ಅಜ್ಜಿ. "ಜಗಳ ಆಡಕ್ಕಾದ್ರೂ ಬತ್ತೀಯಲ್ಲ."

ನಾಲ್ಕು ಹರಳು ಅಜ್ಜಿಯ ಅಂಗೈಗೆ ಬಿದ್ದವು. ಅವಳು ಅಷ್ಟನ್ನೂ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಕರಗುವವರೆಗೆ ಅಲ್ಲೇ ನಿಂತಳು. ಟೆಂಪೊ ಹೊರಟಿತು.

ಮನೆಗೆ ಯಾವ ಕೆಡುಕೂ ಆಗಲಿಲ್ಲ. ಬಾಗಲೂರು ಆಗ ದೂರದ ಊರು, ಫೋನು ಇಬ್ಬರ ಮನೆಯಲ್ಲೂ ಇರಲಿಲ್ಲ. ಸಂಜೆಯಾದರೆ ಅಜ್ಜಿ ಬೀದಿ ಬಾಗಿಲು ತೆಗೆದಿಟ್ಟು ಹೊಸ್ತಿಲ ಬಳಿ ಕೂರುತ್ತಿದ್ದಳು. ಸೊಳ್ಳೆ ಬರುತ್ತವೆ, ಬಾಗಿಲು ಹಾಕು ಎಂದು ಅಮ್ಮ ಗದರಿದರೆ, ಒಂದು ಜಗಳ ಬಾಕಿ ಇದೆ, ತಡಿ ಅನ್ನುತ್ತಿದ್ದಳು. ಪಿಳ್ಳಮ್ಮ ಜಗಳಕ್ಕೆ ಬರಲೇ ಇಲ್ಲ.