ಹಗ್ಗ ಹರಿಯುವುದು ಕಾದಂಬರಿಯಲ್ಲಿ ಮಾತ್ರ

ಬೆಳಗಿನ ಐದೂವರೆ. ಹೈದರಾಬಾದಿನ ತಾರ್ನಾಕದ ಐದು ಮಹಡಿಯ ಅಪಾರ್ಟ್‌ಮೆಂಟೊಂದರಲ್ಲಿ ಹಾಲಿನ ಪ್ಯಾಕೆಟ್ಟುಗಳು ಇನ್ನೂ ಬಾಗಿಲುಗಳ ಮುಂದೆಯೇ ಬಿದ್ದಿವೆ. ಮಾಳಿಗೆಯ ಮೇಲಿನ ಇಕ್ಕಟ್ಟಾದ ಮಷಿನ್ ರೂಮಿನಲ್ಲಿ ಲಿಫ್ಟ್ ಮೆಕ್ಯಾನಿಕ್ ಮೌನಪ್ಪ ಮೊಣಕಾಲೂರಿ ಕುಳಿತಿದ್ದಾರೆ. ಹಣೆಗೆ ಕಟ್ಟಿದ ಬ್ಯಾಟರಿ ದೀಪ, ಕೈಯಲ್ಲಿ ಹಳೆಯ ಧೋತರದ ತುಂಡು. ಲಿಫ್ಟು ನಿಧಾನವಾಗಿ ಇಳಿಯುತ್ತಿದ್ದಂತೆ ಅವರು ಆ ಬಟ್ಟೆಯನ್ನು ಉಕ್ಕಿನ ಹಗ್ಗಕ್ಕೆ ಮೆಲ್ಲಗೆ ಒತ್ತಿ ಹಿಡಿಯುತ್ತಾರೆ. ಹಗ್ಗದ ಒಂದೇ ಒಂದು ಎಳೆ ಕಡಿದು ಮುಳ್ಳಿನಂತೆ ಎದ್ದಿದ್ದರೂ ಬಟ್ಟೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಇವತ್ತು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

"ಕಣ್ಣು ತಪ್ಪತಾವ್ರಿ, ಅರಿವಿ ತಪ್ಪಂಗಿಲ್ಲ" ಎನ್ನುತ್ತ ಅವರು ನಾಲ್ಕು ಹಗ್ಗಗಳನ್ನೂ ಒಂದೊಂದಾಗಿ ತೋರಿಸುತ್ತಾರೆ. "ಇದರಾಗ ಯಾವುದರ ಒಂದು ಉಳದ್ರೂ ಸಾಕು, ತುಂಬಿದ ಲಿಫ್ಟ್ ಹಿಡಕೊಂತೈತಿ."

ನಲವತ್ತೇಳರ ಮೌನಪ್ಪ ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯವರು. ಅಣ್ಣನ ಜೊತೆ ಗೌಂಡಿ ಕೆಲಸಕ್ಕೆಂದು ಹೈದರಾಬಾದಿಗೆ ಬಂದು, ನಾಚಾರಂನಲ್ಲಿ ಕಟ್ಟುತ್ತಿದ್ದ ಮನೆಗಳಿಗೆ ತಲೆಯ ಮೇಲೆ ಮರಳು ಹೊತ್ತರು. ಹಾಗೆ ಹೊರುತ್ತಿದ್ದಾಗಲೇ ಲಿಫ್ಟ್ ಕೂರಿಸಲು ಬಂದವರ ಬೆನ್ನು ಹತ್ತಿದರು. ಇಪ್ಪತ್ತೆರಡು ವರ್ಷವಾಯಿತು. ಎಡಗೈಯ ಉಂಗುರದ ಬೆರಳು ಅರ್ಧ ಇಲ್ಲ, ಅದನ್ನು ಒಂದು ಗಾಲಿ ನುಂಗಿತು. ಈಗ ಮೂವತ್ತೊಂದು ಲಿಫ್ಟುಗಳು ಅವರ ಸುಪರ್ದಿಯಲ್ಲಿವೆ. ದಿನಕ್ಕೆ ಆರರ ತಪಾಸಣೆ. ಕೆಟ್ಟು ನಿಂತ, ತಪಾಸಣೆಗೆ ನಿಲ್ಲಿಸಿದ ಲಿಫ್ಟಿನಲ್ಲಿ ಹತ್ತಲು ಬರುವುದಿಲ್ಲವಾದ್ದರಿಂದ, ಊರ ಜನರ ಮೆಟ್ಟಿಲು ತಪ್ಪಿಸುವ ಈ ಮನುಷ್ಯ ದಿನಕ್ಕೆ ಮೂವತ್ತು ಮಹಡಿ ಕಾಲಿನಲ್ಲೇ ಹತ್ತುತ್ತಾರೆ.

ಇಂಥವರನ್ನು ಕಳೆದ ಆಷಾಢದಲ್ಲಿ ಒಂದು ಪುಸ್ತಕ ಅಪರಾಧಿಯ ಜಾಗದಲ್ಲಿ ತಂದು ನಿಲ್ಲಿಸಿತು.

ಪುಸ್ತಕವೆಂದರೆ ಆಗಲೇ ಏಳು ಮುದ್ರಣ ಕಂಡಿದ್ದ ಕನ್ನಡದ ಥ್ರಿಲ್ಲರ್. ಅದರ ನೂರಾ ಹನ್ನೆರಡನೆಯ ಪುಟದಲ್ಲಿ ಖಳನಾಯಕ ಕರೆಂಟು ತೆಗೆಯುತ್ತಾನೆ, ಲಿಫ್ಟಿನ ಹಗ್ಗ ಪಟಪಟನೆ ಹರಿಯತೊಡಗುತ್ತದೆ, ಒಳಗೆ ಗಾಳಿ ಮುಗಿಯುತ್ತದೆ. ನಾಯಕ ಬಾಗಿಲು ಸೀಳಿ, ಕೆಳಗಿನ ಮಹಡಿಗೆ ಜಾರಿ ಪಾರಾಗುತ್ತಾನೆ. ಓದಲು ಎಷ್ಟು ಚೆಂದ!

ಇದೇ ಅಪಾರ್ಟ್‌ಮೆಂಟಿನ ಹರ್ಷದಾ ಅದನ್ನು ಎರಡು ಸಲ ಓದಿದ್ದಳು. ಮನೆಯವರು ಬೀದರಿನವರು, ಅವಳಿಗೆ ಬ್ಯಾಂಕಿನಲ್ಲಿ ಕೆಲಸ. ಒಂದು ಬೆಳಿಗ್ಗೆ ಕರೆಂಟು ಹೋಗಿ, ಅವಳೊಬ್ಬಳೇ ಇದ್ದ ಲಿಫ್ಟು ಮೂರು ಮತ್ತು ನಾಲ್ಕನೆಯ ಮಹಡಿಗಳ ನಡುವೆ ನಿಂತಿತು. ಒಳಗೆ ಅಂಟಿಸಿದ್ದ ನಂಬರಿಗೆ ಅವಳು ಫೋನು ಮಾಡಿದಳು. ಮೌನಪ್ಪ ನಾಚಾರಂನಲ್ಲಿದ್ದರು. "ಕೆಳಗ ಕೂಡು ಮಗಳ. ಬಾಗಲ ಮುಟ್ಟಬ್ಯಾಡ. ಹದಿನೈದು ಮಿನಿಟಿನ್ಯಾಗ ಬರ್ತೀನಿ" ಎಂದರು.

ಅವಳು ಕೂರಲಿಲ್ಲ. ಲಿಫ್ಟು ನಿಂತಾಗ ಕತ್ತಲೆಯಲ್ಲಿ ಮೇಲೆಲ್ಲೋ ಕಟಕ್ಕೆಂದಿತ್ತು, ಹಗ್ಗ ಹರಿಯಿತೆಂದೇ ತಿಳಿದಿದ್ದಳು. ಪುಟದಲ್ಲಿದ್ದಂತೆಯೇ ಬಾಗಿಲು ಸರಿಸಿ, ಹೊರಬಾಗಿಲಿನ ಕೊಂಡಿ ಎತ್ತಿ, ಮೂರನೆಯ ಮಹಡಿಗೆ ಇಳಿಯಲು ಕಾಲು ಇಳಿಬಿಟ್ಟಳು. ನೇತಾಡುವ ಕಾಲು ಒಳಕ್ಕೇ ತೂಗುತ್ತದೆ, ಅಲ್ಲಿ ಲಿಫ್ಟಿನಡಿ ಮೂರು ಮಹಡಿಯಷ್ಟು ಆಳದ ಬಾಯಿ ತೆರೆದಿರುತ್ತದೆ ಎಂಬುದನ್ನು ಆ ಲೇಖಕ ಬರೆದಿರಲಿಲ್ಲ. ಸದ್ದು ಕೇಳಿ ಓಡಿಬಂದ ವಾಚ್‌ಮನ್ ಸೂಗಪ್ಪ ಅವಳ ಸೊಂಟ ಹಿಡಿದು ಈಚೆಗೆ ಎಳೆದ. ಹುಡುಗಿ ಉಳಿದಳು, ಪಾದದ ಎಲುಬು ಮುರಿಯಿತು.

"ಕರೆಂಟ್ ಹೋತಂದ್ರ ಬ್ರೇಕು ತಾನ ಗಚ್ಚಿ ಹಿಡಿತೈತ್ರಿ. ಆ ಕಟಕ್ಕನ್ನೂದು ಬ್ರೇಕಿಂದು. ಆಕಿನ್ನ ಉಳಸಾಕ ಬಂದ ಸಪ್ಪಳ ಅದು. ಅದಕ್ಕ ಹೆದರ್ಯಾಳ ನೋಡ್ರಿ" ಎಂದು ಮೌನಪ್ಪ ತಲೆ ಕೊಡವುತ್ತಾರೆ. ಲಿಫ್ಟಿಗೆ ಗಾಳಿಕಿಂಡಿಗಳಿವೆ, ಉಸಿರು ಕಟ್ಟುವುದಿಲ್ಲ. ಲೆಕ್ಕ ಮೀರಿ ವೇಗ ಹೆಚ್ಚಿದರೆ ತಳದ ಇಕ್ಕಳಗಳು ಎರಡೂ ಬದಿಯ ಹಳಿಗಳನ್ನು ಕಚ್ಚಿಕೊಳ್ಳುತ್ತವೆ. ಪುಸ್ತಕದ ವಿಷಯ ಹರ್ಷದಾಳಿಂದಲೇ ತಿಳಿದ ಮೇಲೆ, ಮಗಳು ಗುರುದೇವಿ ಓದಿ ಹೇಳಿದ ಆ ಒಂದೇ ಪುಟದಲ್ಲಿ ಅವರು ಪೆನ್ಸಿಲಿನಿಂದ ಗುರುತು ಹಾಕಿದ ಸುಳ್ಳುಗಳು ಒಂಬತ್ತು.

ಆದರೆ ತಪ್ಪು ಹೊತ್ತವರು ಯಾರು? ನಿವಾಸಿಗಳ ಸಂಘ ಲಿಫ್ಟು ಸರಿಯಿಲ್ಲವೆಂದು ಪತ್ರ ಬರೆಯಿತು. ಗಿರಾಕಿ ಕೈತಪ್ಪುವ ಭಯಕ್ಕೆ ಸರ್ವಿಸ್ ಕಂಪನಿಯ ಮ್ಯಾನೇಜರು, "ಹಗ್ಗ ಸವೆದಿತ್ತು, ನಾನು ಗಮನಿಸಲಿಲ್ಲ, ಕ್ಷಮಿಸಿ" ಎಂಬ ಕಾಗದವನ್ನು ಮೌನಪ್ಪನವರ ಮುಂದಿಟ್ಟರು. ಸಹಿ ಹಾಕಿದರೆ ಬೇರೆ ಏರಿಯಾ, ಹಾಕದಿದ್ದರೆ ಮನೆ. ಕಟ್ಟುಕಥೆ ಬರೆದವರ ಹೆಸರು ಏಳು ಸಲ ಅಚ್ಚಾಗಿದೆ, ಹಗ್ಗ ಸವರಿ ನೋಡಿದವರಿಂದ ಸುಳ್ಳಿಗೆ ಸಹಿ ಬೇಕು! ಇದನ್ನು ನ್ಯಾಯವೆನ್ನಲು ಯಾವ ಬಾಯಿ ಬೇಕೋ.

ಮೌನಪ್ಪ ಸಹಿ ಹಾಕಲಿಲ್ಲ. "ಸವದಿದ್ರ ಹಾಕತಿದ್ನಿ. ಸವದಿಲ್ಲ. ಇವತ್ತ ನಾ ಹೂಂ ಅಂದ್ರ, ನಾಳೆ ಲಿಫ್ಟ್ ನಿಂತಾಗ ಎಲ್ಲಾರೂ ಆಕಿ ಹಂಗ ಜಿಗೀತಾರ. ಕೂಡ್ರಿ ಅಂತ ಯಾವ ಮುಖಾ ಇಟಗೊಂಡು ಹೇಳ್ಲಿ?" ಹನ್ನೆರಡು ದಿನ ಅವರಿಗೆ ಕೆಲಸ ಕೊಡಲಿಲ್ಲ. ಹೆಂಡತಿ ಗದಿಗೆಮ್ಮ ಒಮ್ಮೆಯೂ ಸಹಿ ಹಾಕು ಎನ್ನಲಿಲ್ಲ ಎಂಬುದನ್ನು ಅವರು ಎರಡೆರಡು ಸಲ ಹೇಳುತ್ತಾರೆ.

ಭಾನುವಾರ ಸಂಘದ ಸಭೆ ಸೇರಿತು. ಆ ಪುಟದಲ್ಲಿರುವುದು ಸುಳ್ಳೆಂದು ಮೌನಪ್ಪ ಹೇಳಿದಾಗ, ಪುಸ್ತಕ ಬರೆದವರಿಗಿಂತ ನಿನಗೆ ಹೆಚ್ಚು ತಿಳಿದಿದೆಯೇ ಎಂದು ಕಾರ್ಯದರ್ಶಿಗಳು ತೆಲುಗಿನಲ್ಲಿ ಗುಡುಗಿದರು. ಆಗ ಪ್ಲಾಸ್ಟರ್ ಹಾಕಿದ ಕಾಲನ್ನು ಕುರ್ಚಿಯ ಮೇಲಿಟ್ಟು ಕುಳಿತಿದ್ದ ಹರ್ಷದಾ ಮೊದಲು ಹಿಂದಿಯಲ್ಲಿ ಎಲ್ಲರಿಗೂ, ಆಮೇಲೆ ಕನ್ನಡದಲ್ಲಿ ಮೌನಪ್ಪನವರಿಗೆ ಹೇಳಿದಳು: "ನೀವು ಕೂಡು ಅಂದಿದ್ರಿ ಕಾಕಾ. ನಾ ಕೂಡಲಿಲ್ಲ. ತಪ್ಪು ನಂದು."

ಮ್ಯಾನೇಜರು ಕಾಗದ ಮಡಚಿ ಜೇಬಿಗಿಳಿಸಿದರು. ಮರುದಿನದಿಂದ ಮೌನಪ್ಪ ಕೆಲಸಕ್ಕೆ ಬಂದರು. ಆ ಹುಡುಗಿಯ ಹೊರತು ತಪ್ಪಾಯಿತು ಎಂದವರು ಒಬ್ಬರೂ ಇಲ್ಲ.

ಗುರುದೇವಿಯ ಕೈಯಿಂದ ಒಂಬತ್ತೂ ಸುಳ್ಳುಗಳನ್ನು ಬರೆಸಿ ಮೌನಪ್ಪ ಪ್ರಕಾಶಕರಿಗೆ ಕಳಿಸಿದರು. ಉತ್ತರ ಎರಡೇ ಸಾಲು: ಇದು ಕಾಲ್ಪನಿಕ, ಓದುಗರಿಗೆ ಅದು ಗೊತ್ತಿರುತ್ತದೆ. ಈಗ ಎಂಟನೆಯ ಮುದ್ರಣ ಬಂದಿದೆ, ಪುಟ ಹಾಗೆಯೇ ಇದೆ.

"ಕಥಿ ಬರೀಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ" ಎನ್ನುತ್ತಾರೆ ಮೌನಪ್ಪ, ಕೈಯ ಗ್ರೀಸು ಒರೆಸಿಕೊಳ್ಳುತ್ತ. "ಬರದವ್ರು ಒಮ್ಮೆ ಇಲ್ಲಿಗೆ ಬರಬೇಕ್ರಿ, ಇಷ್ಟ ನನ್ನ ಆಸೆ. ಮೂರು-ನಾಕರ ನಡುವ ನಿಲ್ಲಸ್ತೀನಿ, ಲೈಟ್ ಆರಸ್ತೀನಿ. ಹತ್ತು ಮಿನಿಟ್ ಒಳಗಿರ್ಲಿ. ಆವಾಗ ಅವರು ತಾವು ಬರದ ಪುಟ ತಗೀತಾರೋ, ನನಗ ಫೋನ್ ಹಚ್ಚತಾರೋ, ನೋಡೂಣಂತ."